ಮನೆಯಾಕೆ ಬರುವ ತನಕ

ಬಳ್ಳಾರಿಯಲ್ಲಿ ಸಿಂಧನೂರು ಬಸ್ಸಿಗೆ ಸೀಟು ಹಿಡಿಯುವುದು ಸಣ್ಣ ಕೆಲಸವಲ್ಲ. ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದ ಮೇಲಂತೂ ಕಿಟಕಿಯಿಂದ ಟವೆಲ್ ಎಸೆಯುವ ವಿದ್ಯೆಯಲ್ಲಿ ನಾವು ಗಂಡಸರನ್ನು ಹಿಂದೆ ಹಾಕಿದ್ದೇವೆ. ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ನಾನೂ ಲ್ಯಾಪ್‌ಟಾಪ್ ಚೀಲವನ್ನು ಎದೆಗೆ ಅವಚಿಕೊಂಡು ನುಗ್ಗಿ ಕಿಟಕಿ ಪಕ್ಕದ ಜಾಗ ಗೆದ್ದೆ. ಆಧಾರ್ ಕಾರ್ಡ್ ತೋರಿಸಿ, ಶೂನ್ಯದ ಟಿಕೆಟ್ ಪಡೆದು ಸುಧಾರಿಸಿಕೊಳ್ಳುವಷ್ಟರಲ್ಲಿ ಪಕ್ಕದ ಅಜ್ಜಿ ವಿಚಾರಣೆ ಶುರು ಮಾಡಿದಳು. ಯಾವೂರು, ಯಾರ ಪೈಕಿ, ಏನು ಕೆಲಸ.

“ಮೊಬೈಲಿನ್ಯಾಗ ಆಡೋ ಆಟ ಮಾಡ್ತೀನಮ್ಮ” ಎಂದೆ.

“ರೊಕ್ಕ ಕಟ್ಟಿ ಆಡೋ ಇಸ್ಪೀಟೇನು?” ಎನ್ನುತ್ತ ಆಕೆ ತನ್ನ ಚೀಲವನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡಳು.

ಅಲ್ಲವೆಂದು ಸಿರುಗುಪ್ಪದ ತನಕ ವಿವರಿಸಿದೆ. ಅವಳಿಗೆ ಎಷ್ಟು ತಿಳಿಯಿತೋ ಕಾಣೆ, ನಿಮಗೂ ಒಂದಿಷ್ಟು ಹೇಳಿಬಿಡುತ್ತೇನೆ. ನಮ್ಮದು ಸಾಹಸದ ಆಟ. ಅದರಲ್ಲಿ ಗುಂಡು ಹಾರಿಸುವುದಿಲ್ಲ, ಕಾರು ಓಡಿಸುವುದಿಲ್ಲ. ಪರದೆಯ ಮೇಲೊಂದು ಚಿತ್ರ ಇರುತ್ತದೆ. ಅದರೊಳಗಿನ ವಸ್ತುಗಳನ್ನು ಬೆರಳಿನಿಂದ ಮುಟ್ಟಿ, ಬೇಕಾದ್ದನ್ನು ಎತ್ತಿಕೊಂಡು, ಒಗಟು ಬಿಡಿಸುತ್ತ ಮುಂದಿನ ಚಿತ್ರಕ್ಕೆ ಹೋಗಬೇಕು. ‘ಬೀಗದ ಊರು’ ಎಂಬ ಈ ಆಟದ ಕಥೆ, ಲೆಕ್ಕ, ಪ್ರೋಗ್ರಾಮು ಎಲ್ಲ ನನ್ನದು. ಚಿತ್ರಗಳು ಮಾತ್ರ ಲಿಂಗಸೂಗೂರಿನ ರಿಯಾಜನವು. ನನಗೆ ನೆಟ್ಟಗೆ ಒಂದು ಮಡಕೆ ಬಿಡಿಸಲೂ ಬರುವುದಿಲ್ಲ.

ಆಟ ಹೊರಬಂದು ಒಂದು ವರ್ಷವಾಗಿತ್ತು. ಎರಡನೆಯ ಭಾಗದ ಕಥೆ ಬರೆದು ಕಳಿಸಿದರೆ ರಿಯಾಜ್ ಫೋನಿನಲ್ಲಿ “ನನಗ ಆಗಂಗಿಲ್ಲಕ್ಕ, ಬ್ಯಾರೆಯವರನ್ನ ನೋಡ್ಕೋ” ಅಂದುಬಿಟ್ಟಿದ್ದ. ಬೇರೆಯವರನ್ನು ಎಲ್ಲಿ ನೋಡಲಿ? ಆ ಚಿತ್ರಗಳಿಲ್ಲದೆ ಆ ಊರೇ ಇಲ್ಲ. ಅವನನ್ನು ಹೇಗಾದರೂ ಒಪ್ಪಿಸಬೇಕು, ಒಪ್ಪದಿದ್ದರೆ ನಾನೂ ಇದನ್ನು ಇಲ್ಲಿಗೇ ಕೈಬಿಡಬೇಕು ಎಂದುಕೊಂಡೇ ಹೊರಟಿದ್ದೆ. ದಾರಿಯಲ್ಲೇ ಸಿಗುವ ಸಿಂಧನೂರಿನಲ್ಲಿ ನಮ್ಮ ಆಟ ಆಡುವವರ ಗುಂಪೊಂದು ಕರೆದಿತ್ತು, ಅದೊಂದು ನೆಪ.

ಸಿರುಗುಪ್ಪ ದಾಟಿ ಹೊಳೆಯ ಸೇತುವೆ ಕಳೆದ ಮೇಲೆ ಎರಡೂ ಕಡೆ ಭತ್ತವೋ ಭತ್ತ. ಕೊಯ್ಲು ಜೋರಾಗಿತ್ತು. ರಸ್ತೆಯ ಅರ್ಧಕ್ಕೆ ಕಾಳು ಹರವಿ, ಅಂಚಿಗೆ ಕಲ್ಲು ಇಟ್ಟಿದ್ದರು. ಡ್ರೈವರ್ ಬೈಯಲೂ ಇಲ್ಲ, ಹಾರ್ನ್ ಹೊಡೆಯಲೂ ಇಲ್ಲ, ಉಳಿದ ಅರ್ಧದಲ್ಲೇ ಬಸ್ಸು ನುಸುಳಿಸಿದ. ಸಿಂಧನೂರು ಮುಟ್ಟಿದಾಗ ಬಿಸಿಲು ನೆತ್ತಿಗೇರುತ್ತಿತ್ತು. ಅಕ್ಕಿ ಗಿರಣಿಗಳ ತೌಡಿನ ವಾಸನೆ ನಿಲ್ದಾಣದಲ್ಲೇ ಮೂಗಿಗೆ ಬಂತು. ನನಗದು ಇಷ್ಟ, ಹೊಟ್ಟೆ ಹಸಿಯುತ್ತದೆ.

ಆ ಗುಂಪಿನ ವೀರೇಶ ಆಟೊ ತಂದು ಕಾಯುತ್ತಿದ್ದ. ಹಣೆ ತುಂಬ ವಿಭೂತಿ, ಎರಡು ಜೇಬಿನಲ್ಲಿ ಎರಡು ಫೋನು. ಅವನದು ಮೊಬೈಲ್ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಆಟಗಾರರು ಚಾಪೆ ಹಾಸಿಕೊಂಡು ಕೂತಿದ್ದರು. ಮೊದಲು ಒಗ್ಗರಣೆ ಮಂಡಕ್ಕಿ, ಮಿರ್ಚಿ ಭಜಿ ಬಂತು, ಆಮೇಲೆ ಟೀಕೆ ಬಂತು. ಎರಡೂ ಖಾರವೇ.

“ಮೇಡಂ, ನಿಮ್ಮ ಆಟದಾಗ ಕ್ವಾಟಿ ಬಾಗಲ ಕಾವಲುಗಾರ ಭಾಳ ನಾಜೂಕು ಮಾತಾಡ್ತಾನ್ರಿ. ನಮ್ಮ ಕಡಿ ಕಾವಲುಗಾರ ಹಂಗ ಮಾತಾಡಿದ್ರ ಕಳ್ಳರು ಅವನ್ನೇ ಹೊತ್ಕೊಂಡು ಹೋಗ್ತಾರ” ಎಂದ ಗಿರಣಿಯ ಗುಮಾಸ್ತ. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಬ್ಬ ತರುಣ ಎದ್ದು, ಇಡೀ ಆಟವನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ ಎಂದು ಹೆಮ್ಮೆಯಿಂದ ಹೇಳಿದ. ಮೊದಲನೆಯ ಮನೆಯನ್ನು ಎಷ್ಟು ಹೊತ್ತಿನಲ್ಲಿ ದಾಟಿದೆ ಎಂದು ಕೇಳಿದೆ. “ಅದೇನ್ರಿ, ಒಳಗ ಹೋದೆ, ಗೂಟದ ಮ್ಯಾಲಿನ ಕೀಲಿಕೈ ತಗೊಂಡೆ, ಹೊರಗ ಬಂದೆ” ಎಂದ. ಚಪ್ಪಾಳೆ ಬಿತ್ತು. ಆ ಮನೆಯ ಚಿತ್ರಕ್ಕೆ ರಿಯಾಜ್ ಒಂದು ಇಡೀ ಬೇಸಿಗೆ ಕೊಟ್ಟಿದ್ದ. ನಾನೂ ಚಪ್ಪಾಳೆ ತಟ್ಟಿದೆ.

ಊಟಕ್ಕೆ ಆಂಧ್ರ ಮೆಸ್ಸಿಗೆ ಕರೆದುಕೊಂಡು ಹೋದರು. ಪಪ್ಪು, ಗೋಂಗುರ ಚಟ್ನಿ, ತುಪ್ಪ ಸುರಿದ ಬಿಸಿ ಅನ್ನ. ಬಡಿಸುವವನು ನಮ್ಮ ಜೊತೆ ಕನ್ನಡದಲ್ಲಿ, ಪಕ್ಕದ ಮೇಜಿನ, ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರ ಜೊತೆ ತೆಲುಗಿನಲ್ಲಿ ಒಂದೇ ಉಸಿರಿನಲ್ಲಿ ಜಗಳವಾಡುತ್ತಿದ್ದ. ಕೈ ತೊಳೆಯುವಾಗ ವೀರೇಶ ಒಂದು ವಿಷಯ ಹೇಳಿದ.

“ನಮ್ಮ ಗುಂಪಿನಾಗ ಮಸ್ಕಿಯಾಕಿ ಒಬ್ಬಾಕಿ ಅದಾಳ್ರಿ, ಸುಜಾತಾ ಅಂತ, ಬಸ್ ಕಂಡಕ್ಟರ್. ಆಟ ಶುರು ಮಾಡಿ ತಿಂಗಳುಗಟ್ಟಲೆ ಆತು, ಮೊದಲನೇ ಮನಿ ಬಿಟ್ಟು ಹೊರಗ ಬಂದಿಲ್ಲ. ನಾ ಹೇಳಿಕೊಡ್ತೀನಿ ಅಂದ್ರ ‘ನೀ ಸುಮ್ನಿರು’ ಅಂತಾಳ. ಒಮ್ಮಿ ನೋಡ್ರಿ.”

ಅವಳ ಹಳೆಯ ಫೋನಿನಲ್ಲಿ ನಮ್ಮ ಆಟ ಕೈಕೊಟ್ಟಿದೆ ಎಂದು ನನಗೆ ಖಾತ್ರಿಯಾಯಿತು. ಮರುದಿನ ಮಧ್ಯಾಹ್ನ ಬರುತ್ತೇನೆಂದು ಅವಳಿಗೆ ಹೇಳಿಕಳಿಸಿ ಲಿಂಗಸೂಗೂರಿನ ಬಸ್ಸು ಹತ್ತಿದೆ.

ಬಳಗಾನೂರಿನ ಕೂಲಿ ಹೆಂಗಸರು ನಡುವೆ ಹತ್ತಿ, ಕುಡುಗೋಲುಗಳನ್ನು ಸೀಟಿನ ಕೆಳಗೆ ತಳ್ಳಿ, ನನ್ನ ಕಾಲನ್ನೂ ಅದರ ಜೊತೆಗೇ ತಳ್ಳಿದರು. ಮಸ್ಕಿ ದಾಟಿದ ಮೇಲೆ ಹಸಿರು ಕಡಿಮೆಯಾಗಿ ಕರಿನೆಲ, ತೊಗರಿ, ಬಂಡೆಗಳ ಗುಡ್ಡ. ರಿಯಾಜನ ಅಂಗಡಿ ಲಿಂಗಸೂಗೂರಿನ ಬಸ್ ನಿಲ್ದಾಣದ ಬಲಕ್ಕೇ ಇದೆ. ಮೊದಲು ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದವನು ಈಗ ಫ್ಲೆಕ್ಸ್ ಮಾಡುತ್ತಾನೆ. ನಾನು ಹೋದಾಗ ಒಬ್ಬ ಮುಖಂಡರ ಹುಟ್ಟುಹಬ್ಬದ ಬ್ಯಾನರಿನಲ್ಲಿ ಶುಭ ಕೋರುವವರ ಮೂವತ್ತೋ ನಲವತ್ತೋ ಮುಖ ಜೋಡಿಸುತ್ತ ಕೂತಿದ್ದ.

“ಯಾರ ಮುಖಾನೂ ಸಣ್ಣದಾಗಬಾರದಕ್ಕ, ಸಣ್ಣದಾತಂದ್ರ ನನ್ನ ಜೀವನೇ ತಗೀತಾರ” ಎಂದ. ಕುರ್ಚಿ ಒರೆಸಿ ಕೊಟ್ಟ, ಚಹಾ ತರಿಸಿದ, ಮನೆಗೆ ಕರೆದೊಯ್ದು ಹೆಂಡತಿಯ ಕೈಯಿಂದ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದ. ಎರಡನೆಯ ಭಾಗದ ಮಾತು ತೆಗೆದರೆ ಮಾತ್ರ ಕಿವುಡನಾದ. ನಾನು ಬೆನ್ನು ಬಿಡುವವಳಲ್ಲ. ಕೊನೆಗೆ ಬಾಯಿ ಬಿಟ್ಟ.

“ಆಟ ಆಡೋ ಮಂದಿ ವಿಡಿಯೊ ಹಾಕ್ತಾರಲ್ಲ, ಒಂದೂ ಬಿಡದ ನೋಡೀನಿ. ಒಳಗ ಬರ್ತಾರ, ಕೀಲಿಕೈ ಹಿರೀತಾರ, ಓಡ್ತಾರ. ನಾ ಅಲ್ಲಿ ಏನೇನು ಇಟ್ಟೀನಿ ಅಂತ ನೋಡಿದ ಒಂದು ನರಪಿಳ್ಳಿನೂ ಇಲ್ಲ. ಈ ಫ್ಲೆಕ್ಸ್ ಆದ್ರ ತಮ್ಮ ಮುಖ ಎಲ್ಲೈತಿ ಅಂತಾದ್ರೂ ನಿಂತು ಹುಡುಕ್ತಾರಕ್ಕ. ಸಾಕು ನನಗ.”

ಅದೇ ದಿನ ನಾನು ಅಂಥವನಿಗೇ ಚಪ್ಪಾಳೆ ತಟ್ಟಿ ಬಂದಿದ್ದೆ. ಲಾಡ್ಜಿನ ಕೋಣೆಗೆ ಬಂದು ಮುಖ ಊದಿಸಿಕೊಂಡು ಮಲಗಿದೆ.

ಭಾನುವಾರ ಬೆಳಿಗ್ಗೆ ಮುದಗಲ್ಲಿಗೆ ಒಂದು ಬ್ಯಾನರ್ ಮುಟ್ಟಿಸುವುದಿತ್ತು, ಅವನ ಬೈಕಿನ ಹಿಂದೆ ನಾನೂ ಹೋದೆ. ತಣ್ಣನೆ ಗಾಳಿಗೆ ಕಿವಿ ಕೊರೆಯುತ್ತಿತ್ತು. ಕೋಟೆಯ ಬಾಗಿಲ ಹತ್ತಿರ ಚಹಾ ಕುಡಿದೆವು. ಕಂದಕದ ನೀರಿನಲ್ಲಿ ಎಮ್ಮೆಗಳು ಹಾಯಾಗಿದ್ದವು. ಇಷ್ಟು ಚೆಂದದ ಕಲ್ಲು ನೋಡಿಯಾದರೂ ಇವನ ಕೈ ತುರಿಸಬಾರದೇ ಎಂದು ಓರೆಗಣ್ಣಿನಲ್ಲಿ ನೋಡಿದೆ. ಅವನು ಬ್ಯಾನರಿಗೆ ಕಟ್ಟಿಗೆ ಎಷ್ಟು ಬೇಕಾಗುತ್ತದೆಂದು ಅಂಗಡಿಯವನ ಜೊತೆ ಚರ್ಚೆ ಮಾಡುತ್ತಿದ್ದ. ನನ್ನ ಆಸೆ ಅಲ್ಲಿಗೆ ಮುಗಿಯಿತು. ನಿಜ ಹೇಳುತ್ತೇನೆ, ಅಳು ಬಂತು. ಬಿಸಿ ಚಹಾದ ನೆಪದಲ್ಲಿ ಕಣ್ಣು ಒರೆಸಿಕೊಂಡೆ.

ಕೆಲಸ ಬೇಡವೆಂದರೂ ಅತಿಥಿಯನ್ನು ಬಸ್ ನಿಲ್ದಾಣದಲ್ಲಿ ಬಿಟ್ಟು ಹೋಗುವ ಜಾಯಮಾನ ಅವನದಲ್ಲ. “ಮಸ್ಕಿ ತನಕ ನಾನೇ ಬಿಡ್ತೀನಿ, ನಡಿ” ಎಂದ. ಊರ ನಡುವೆ ದಾರಿ ಕೇಳಿ, ಶಾಸನದ ಗುಡ್ಡದ ಕಡೆ ಹೋಗುವ ಓಣಿಯಲ್ಲಿ ಸುಜಾತಾಳ ಮನೆ ಹಿಡಿದೆವು. ಹಗ್ಗದ ಮೇಲೆ ಖಾಕಿ ಅಂಗಿ ಒಣಗುತ್ತಿತ್ತು. ಅಂದು ಅವಳಿಗೆ ವಾರದ ರಜೆ. ಗಟ್ಟಿ ದನಿಯ, ನಲವತ್ತರ ಹೆಂಗಸು. ಒಳಗೆ ಕರೆದು, ಬುದ್ಧನ ಪಟದ ಕೆಳಗೆ ಕೂರಿಸಿ, ಚೊಂಬಿನಲ್ಲಿ ನೀರು ಕೊಟ್ಟಳು. ನಾವು ಕುಡಿದು ಕೆಳಗಿಡುವ ತನಕ ಒಂದೂ ಮಾತಾಡಲಿಲ್ಲ.

ರಿಯಾಜ್ ಯಾರೆಂದು ನಾನು ಹೇಳುವ ಮೊದಲೇ, ಅವನು ನನ್ನ ಕೈ ಜಿಗುಟಿ ಬೇಡವೆಂದ. ಸರಿ, “ಫೋನ್ ಕೊಡ್ರಿ, ಎಲ್ಲಿ ನಿಂತೈತಿ ನೋಡೋಣು” ಎಂದೆ. ಸುಜಾತಾ ಆಟ ತೆರೆದಳು. ಮೊದಲನೆಯ ಮನೆ ಬಂತು. ಒಲೆ ಉರಿಯುತ್ತಿದೆ, ಹೊಗೆ ಆಡುತ್ತಿದೆ, ಗೂಟದ ಮೇಲೆ ಕೀಲಿಕೈ ಇದೆ. ಕೀಲಿಕೈ ಬಿಟ್ಟು ಉಳಿದದ್ದನ್ನು ಮುಟ್ಟಿ ನೋಡಿದೆ, ಎಲ್ಲ ಸರಿಯಾಗಿಯೇ ಕೆಲಸ ಮಾಡುತ್ತಿತ್ತು.

“ಏನೂ ಕೆಟ್ಟಿಲ್ಲಲ್ರಿ. ಇಲ್ಲಿ ಕೀಲಿಕೈ ಕಾಣಸ್ತೈತಲ್ಲ, ಇದನ್ನ ತಗೊಂಡ್ರ ಮುಂದ ಹೋಗ್ತೈತಿ.”

“ಕಾಣಸ್ತೈತ್ರಿ, ನನಗೇನು ಕಣ್ಣಿಲ್ಲೇನು? ಮಂದಿ ಮನ್ಯಾಗಿನ ಕೀಲಿಕೈ ಅದು. ಕೇಳಲಾರದ ಹ್ಯಾಂಗ ತಗೊಳ್ಳಲಿ?”

“ಮನ್ಯಾಗ ಯಾರೂ ಇಲ್ಲಲ್ಲ...”

“ಇಲ್ಲ ಅಂದ್ರ? ಬಾಗಲಾ ತಗದೈತಿ, ಒಲಿ ಉರ್ಯಾಕತ್ತೈತಿ, ಹಂಚಿನ ಮ್ಯಾಲ ರೊಟ್ಟಿ ಐತಿ. ಇಷ್ಟು ಬಿಟ್ಟು ಎಲ್ಲಿಗರ ದೂರ ಹೋಗ್ಯಾಳ? ಮಗ್ಗಲಮನಿಗೆ ಉಪ್ಪಿಗೋ ಏನಿಗೋ ಹೋಗಿರಬೇಕು. ಬರ್ತಾಳ, ಕೇಳಿ ತಗೊಂಡ್ರಾತು ಅಂತ ಡ್ಯೂಟಿ ಮುಗಿಸಿ ಬಂದು ದಿನಾ ಒಂದೀಟು ಕುಂದರ್ತೀನಿ.”

ಆ ಮನೆಯಲ್ಲಿ ಮನುಷ್ಯರಿಲ್ಲದಿರುವುದಕ್ಕೆ ಕಾರಣ ನನ್ನ ಸೋಮಾರಿತನ. ಚಿತ್ರದಲ್ಲಿ ಮನುಷ್ಯರನ್ನು ಓಡಾಡಿಸುವುದು ದೊಡ್ಡ ತಲೆನೋವು, ಖಾಲಿ ಮನೆಯಾದರೆ ಸಲೀಸು. ನಮ್ಮ ಆಟಗಳಲ್ಲೆಲ್ಲ ಕಂಡದ್ದನ್ನು ಎತ್ತಿಕೊಳ್ಳುವುದೇ ರೂಢಿ. ಯಾರ ಮನೆಯದು, ಯಾರನ್ನು ಕೇಳಬೇಕು ಎಂದು ಇದುವರೆಗೆ ಯಾವ ಆಟಗಾರರೂ ನನ್ನನ್ನು ಕೇಳಿರಲಿಲ್ಲ. ಹಾಗೆ ಕೇಳಬಹುದೆಂದು ನನಗೂ ಹೊಳೆದಿರಲಿಲ್ಲ.

“ಬ್ಯಾಸರ ಆಗಂಗಿಲ್ಲೇನ್ರಿ?” ಎಂದ ರಿಯಾಜ್.

“ಯಾಕ ಆಗ್ತೈತ್ರಿ? ಛಲೋ ಮನಿ ಐತಿ.” ಸುಜಾತಾ ಫೋನನ್ನು ಅವನ ಕಡೆ ತಿರುಗಿಸಿ ತನ್ನ ನಂಟರ ಮನೆ ತೋರಿಸುವವರ ಹಾಗೆ ಬೆರಳಿಟ್ಟು ತೋರಿಸತೊಡಗಿದಳು. “ಇಲ್ಲಿ ಬಾಗಲ ಚೌಕಟ್ಟಿಗೆ ಗೀಟು ಎಳದಾಳ ನೋಡ್ರಿ, ಮಗನ್ನ ನಿಲ್ಲಿಸಿ ಎತ್ತರ ನೋಡ್ಯಾಳ. ಮ್ಯಾಲಿನ ಗೀಟು ಹೊಸದು. ಕೌದಿಯೊಳಗ ಈ ಹಸರು ತುಂಡು ಒಂದೇ ರೇಶ್ಮಿದು, ಮದವಿ ಸೀರಿ ಹರದಿರಬೇಕು. ಗ್ವಾಡಿ ಮಾಡದಾಗ ಹಲ್ಲಿ ಐತಿ, ಆಗೊಮ್ಮಿ ಈಗೊಮ್ಮಿ ಬಾಲ ಅಳ್ಳಾಡಸ್ತೈತಿ. ಮತ್ತ ಈಕಿ ಎಡಚಿ ಅದಾಳ.”

“ಎಡಚಿ?” ಎಂದೆ ನಾನು.

“ಒಲಿ ಮುಂದ ನೋಡ್ರಲ್ಲ. ಸೌಟು, ಇಕ್ಕಳ, ಊದುಗೊಳವಿ ಎಲ್ಲಾ ಎಡಕ್ಕ ಅದಾವ. ಬಲಗೈಯಾಕಿ ಹಂಗ ಇಡಂಗಿಲ್ಲ.”

ರಿಯಾಜನ ಕಡೆ ನೋಡಿದೆ. ಅವನು ಫೋನನ್ನೇ ನೋಡುತ್ತಿದ್ದ. ಕಣ್ಣು ಕೀಳದೆ ಮೆಲ್ಲಗೆ ಹೇಳಿದ.

“ನಮ್ಮ ಅವ್ವ ಎಡಚಿ ಇದ್ಲು. ಇದು ಆಕಿ ಅಡಗಿಮನಿ. ನಾನೇ ಬರದೀನ್ರಿ ಇದನ್ನ.”

ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದ ನನಗೆ ಇದು ಗೊತ್ತಿರಲಿಲ್ಲ. ಸುಜಾತಾ ಅವನನ್ನೇ ದಿಟ್ಟಿಸಿದಳು. ಅವಳ ಸಿಟ್ಟು ನಿಜವಾದದ್ದೇ.

“ಮತ್ತ ಎಲ್ಲಾ ಬರದು ಆಕೀನ್ನ ಯಾಕ ಬರೀಲಿಲ್ಲ? ಎಷ್ಟು ದಿನದಿಂದ ಕಾಯಾಕತ್ತೀನಿ.”

ರಿಯಾಜ್ ಕಾಗದ ಕೇಳಿದ. ಸುಜಾತಾ ಗೋಡೆಯ ಕ್ಯಾಲೆಂಡರಿನಿಂದ ಹೋದ ತಿಂಗಳ ಹಾಳೆ ಹರಿದು ಕೊಟ್ಟಳು. ಅದರ ಬೆನ್ನಿಗೆ, ನನ್ನ ಬಾಲ್‌ಪೆನ್ನಿನಿಂದ, ಬಾಗಿಲಲ್ಲಿ ಸೆರಗು ಸರಿಪಡಿಸಿಕೊಳ್ಳುತ್ತ ಒಳಗೆ ಬರುತ್ತಿರುವ ಒಬ್ಬ ಹೆಂಗಸನ್ನು ಬರೆದ. ಎಡಗೈಯಲ್ಲಿ ಉಪ್ಪಿನ ಬಟ್ಟಲು. ನಾವಿಬ್ಬರೂ ಬಗ್ಗಿ ನೋಡುತ್ತಿದ್ದೆವು. ಮುಖ ಮುಗಿದ ಕೂಡಲೇ ಸುಜಾತಾ ನೆಟ್ಟಗೆ ಕೂತು, ಆ ಹಾಳೆಯನ್ನು ನೋಡಿ ಕೇಳಿದಳು.

“ಅವ್ವಾ, ಬಂದೇನು? ಆ ಗೂಟದ ಮ್ಯಾಲಿನ ಕೀಲಿಕೈ ಒಂದೀಟು ತಗೊಳ್ಳಲೇನು?”

ತಮಾಷೆಗೆ ಕೇಳಿದ್ದಲ್ಲ, ಕೇಳಬೇಕಾದದ್ದನ್ನು ಕೇಳಿದಳು. ರಿಯಾಜ್ ತಲೆ ಎತ್ತದೆ, ತನ್ನದಲ್ಲದ ಒಂದು ದನಿಯಲ್ಲಿ ಹೇಳಿದ: “ತಗೋ ನನ್ನವ್ವ. ಮೊದ್ಲ ಒಂದು ರೊಟ್ಟಿ ತಿನ್ನು.”

ಸುಜಾತಾ ಬೆರಳಿಟ್ಟು ಕೀಲಿಕೈ ತೆಗೆದುಕೊಂಡಳು. ಪರದೆಯ ಮೇಲೆ ಕೋಟೆಯ ಬೀದಿ ತೆರೆಯಿತು. “ಅಬ್ಬಾ, ಊರು ದೊಡ್ಡದೈತಿ” ಎಂದು ಒಂದು ಸಲ ನೋಡಿ ಫೋನನ್ನು ಪಕ್ಕಕ್ಕಿಟ್ಟು, ನಮಗೆ ಅಡುಗೆ ಮಾಡಲು ಎದ್ದಳು. ನಾನು ಮೂಗು ಒರೆಸಿಕೊಳ್ಳುತ್ತ ಹಿಂದೆಯೇ ಹೋಗಿ ಉಳ್ಳಾಗಡ್ಡಿ ಹೆಚ್ಚಲು ಕೂತೆ, ಕಣ್ಣೀರಿಗೆ ಅದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ಸಂಜೆ ಸಿಂಧನೂರಿನ ಬಸ್ಸಿಗೆ ನನ್ನನ್ನು ಹತ್ತಿಸಲು ಸುಜಾತಾ ಒಬ್ಬಳೇ ಬಂದಳು. ಕಂಡಕ್ಟರಿಗೆ ಹೇಳಿ ಮುಂದಿನ ಸೀಟು ಕೊಡಿಸಿದಳು. ಮನೆಯಿಂದ ಹೊರಡುವಾಗ “ಬರ್ತೀನಿ” ಎಂದು ನಾನು ಎರಡು ಸಲ ಹೇಳಿದರೂ ರಿಯಾಜನಿಗೆ ಕೇಳಿಸಿರಲಿಲ್ಲ. ಪಡಸಾಲೆಯಲ್ಲಿ ಬೋರಲಾಗಿ ಮಲಗಿ, ಕ್ಯಾಲೆಂಡರಿನ ಇನ್ನೊಂದು ಹಾಳೆಯ ಬೆನ್ನಿಗೆ ಅವ್ವನ ಎಡಗೈ ಬರೆದು, ಅದಕ್ಕೆ ಒಂದೊಂದಾಗಿ ಬಳೆ ಇಡಿಸುತ್ತಿದ್ದ.