ನೆರಳು ಬೇಡವೆನ್ನುವ ವಾದಿರಾಜರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೋನೆಗಂಡ್ಲದ ಆಚೆಯ ಹುಲ್ಲುಬಯಲಿನಲ್ಲಿ ವಾದಿರಾಜರು ಧೋತರ ಮೇಲೆತ್ತಿ ಕಟ್ಟಿ, ಸಲಿಕೆ ಹಿಡಿದು ಗುಂಡಿ ಮುಚ್ಚುತ್ತಿದ್ದಾರೆ. ಒಂದು ಮುಚ್ಚುವುದರೊಳಗೆ ಕಣ್ಣು ಮುಂದಿನದರ ಮೇಲೆ. ನಾಳೆ ಇಲ್ಲೇ ಅವರಿಗೆ ಸನ್ಮಾನ. ಅದರ ನೆನಪಿಗೆ ಐನೂರು ನೀಲಗಿರಿ ಸಸಿ ನೆಡಬೇಕೆಂದು ಸನ್ಮಾನ ಸಮಿತಿಯವರೇ ತೋಡಿಸಿದ ಗುಂಡಿಗಳಿವು. ಗೌರವಿಸಲು ಹೊರಟವರು, ವಾದಿರಾಜರು ಜನ್ಮವಿಡೀ ಕಾಯ್ದದ್ದನ್ನೇ ಅಗೆದು ಕೂತಿದ್ದಾರೆ.

ವಾದಿರಾಜರು ಸರಕಾರದ ಹುಲ್ಲುಗಾವಲು ಸಂಶೋಧನಾ ಕೇಂದ್ರದ ಪರಿಸರ ವಿಜ್ಞಾನಿ. ೧೯೫೪ರಲ್ಲಿ ಸೇರಿದವರು, ಈ ತಿಂಗಳ ಕೊನೆಗೆ ನಿವೃತ್ತಿ. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಆದೋನಿ, ಎಮ್ಮಿಗನೂರು, ನಂದವರಂ ಎಂದು ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಸೈಕಲ್ಲು. ಹುಲ್ಲು ಉಳಿದಲ್ಲೆಲ್ಲ ಎರೆಭೂತವೂ ಉಳಿದಿದೆಯೇ ಎಂದು ನೋಡುವುದೇ ಕೆಲಸ. ಸೊಂಟದೆತ್ತರದ ಈ ಹಕ್ಕಿ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಅವರು ಕೆಲಸಕ್ಕೆ ಸೇರಿದಾಗ ಹಿಂಡುಹಿಂಡಾಗಿ ಕಾಣುತ್ತಿದ್ದವು, ಈ ಮಳೆಗಾಲ ಇಲ್ಲಿಗೆ ಬಂದದ್ದು ಮೂರು. ಅದರಲ್ಲೊಂದು ಈಗ ಕಾವಿಗೆ ಕೂತಿದೆ.

"ಗಿಡ ಬೆಳದ್ರ ಕಾಗಿಗೆ ಕೂಡಲಿಕ್ಕೆ ಜಾಗಾ ಆಗ್ತದ. ಮ್ಯಾಲೆ ಕೂತು ಮೊಟ್ಟಿ ನೋಡ್ತದ," ಎನ್ನುತ್ತಾರೆ ಅವರು ನನಗೆ, ಸಲಿಕೆ ನಿಲ್ಲಿಸದೆ. "ಎರೆಭೂತಕ್ಕ ಸುತ್ತೆಲ್ಲ ಬಯಲು ಕಾಣಬೇಕ್ರಿ. ಇಲ್ಲಾಂದ್ರ ಆಕಿ ನಿಲ್ಲಂಗಿಲ್ಲ."

ಮೇಲಿನವರಿಗೆ ಬಯಲೆಂದರೆ ಬೀಳುಭೂಮಿ. ಇಲ್ಲಿ ನೀಲಗಿರಿ ಹಚ್ಚುವ ಯೋಜನೆ ಎರಡು ಸಲ ಬಂತು, ಎರಡೂ ಸಲ ಇವರು ಅಡ್ಡ ನಿಂತರು. ಎತ್ತು ಏರಿಗೆ, ಕೋಣ ನೀರಿಗೆ! ಗಿಡ ಬೇಡವೆನ್ನುವ ಪರಿಸರ ವಿಜ್ಞಾನಿ ಎಂದು ಕಚೇರಿ ನಕ್ಕಿತು. ಬಡ್ತಿ ತಪ್ಪಿತು. ಅದಕ್ಕೆ ಅವರು ಕೊರಗಿದವರಲ್ಲ. ಈ ಬೆಳಿಗ್ಗೆಯ ಚಡಪಡಿಕೆ ಬೇರೆ. ನಿನ್ನೆ ಹಾರೆಯ ಸದ್ದಿಗೆ ಹಕ್ಕಿ ಮೊಟ್ಟೆ ಬಿಟ್ಟು ಎದ್ದಿತ್ತು, ಸಂಜೆ ಹೇಗೋ ಮರಳಿದೆ. ನಾಳೆ ಮೈಕು, ಶಾಮಿಯಾನ, ಜನ. ಮತ್ತೆ ಎದ್ದರೆ ಬರುವ ಭರವಸೆಯಿಲ್ಲ.

ಇನ್ನೊಂದು ಕಡೆ ಹೆಂಡತಿ ತುಂಗಾಬಾಯಿಯ ಮಾತು. "ಇಷ್ಟು ವರ್ಷ ಇವರು ಅಡವ್ಯಾಗ, ನಾ ಮನ್ಯಾಗ. ನಾಕು ಮಂದಿ ಇವರಿಗೆ ಭೇಷ್ ಅನ್ನೋದು ಒಮ್ಮೆ ಕೇಳಬೇಕು," ಎಂದು ಆಕೆ ನಿನ್ನೆ ಆದೋನಿಯ ಮನೆಯಲ್ಲಿ ಗಂಡನೆದುರೇ ನನಗೆ ಹೇಳಿದ್ದರು. ಕೇಳಿದ್ದು ಅದೊಂದೇ. ಇಲ್ಲವೆನ್ನಲು ವಾದಿರಾಜರಿಗೆ ಬಾಯಿ ಬರುತ್ತಿಲ್ಲ.

ಹೊತ್ತೇರುವಾಗ ಸಮಿತಿಯ ಅಧ್ಯಕ್ಷ, ಹತ್ತಿ ವ್ಯಾಪಾರಿ ಮರಿಬಸಪ್ಪ ಬರುತ್ತಾರೆ. ಮುಚ್ಚಿದ ಗುಂಡಿಗಳನ್ನು ಕಂಡು ಅವರ ಮುಖ ಕೆಂಪಾಗುತ್ತದೆ.

"ಏನ್ ಮಾಡಾಕತ್ತೀರಿ ಆಚಾರ್ರೇ! ಕಲೆಕ್ಟರ್ ಗಾರು ವಸ್ತಾರು, ಬರ್ತಾರ ಅಂತ ಕಾರ್ಡು ಹಂಚೇವಿ. ನಿಮ್ಮ ಹೆಸರಿಲೆ ವನ ಮಾಡೋದು ತಪ್ಪೇನ್ರಿ?"

"ತಪ್ಪಲ್ಲರಿ. ಸಾಲಿ ಮುಂದ ಹಚ್ಚರಿ, ನಾನೇ ನೀರು ಹೊರ್ತೀನಿ. ಇಲ್ಲಿ ಬ್ಯಾಡ."

"ಒಂದು ಹಕ್ಕಿ ಸಲುವಾಗಿ ಊರ ಮರ್ಯಾದಿ ಕಳೀತೀರೇನು? ಗಿಡ ಬ್ಯಾಡಂದ್ರ ಸನ್ಮಾನನೂ ಇಲ್ಲ, ನೋಡ್ರಿ, ಚೂಡಂಡಿ!"

ವಾದಿರಾಜರು ಸಲಿಕೆಯನ್ನು ನೆಲಕ್ಕೆ ಇಡುತ್ತಾರೆ. "ಸನ್ಮಾನ ಬಿಟ್ಟುಬಿಡ್ರಿ ಹಂಗಾರ," ಎನ್ನುತ್ತಾರೆ.

ಮರಿಬಸಪ್ಪ ತಿರುಗಿ ನೋಡದೆ ಹೊರಟುಹೋಗುತ್ತಾರೆ. ಸನ್ಮಾನದ ಶಾಲಿನ ಆಸೆ ವಾದಿರಾಜರಿಗೆಂದೂ ಇರಲಿಲ್ಲ. ಹೆಂಡತಿಯ ಒಂದೇ ಒಂದು ಆಸೆಯನ್ನು ತಮ್ಮ ಬಾಯಿಂದಲೇ ಕಳೆದೆನಲ್ಲ ಎಂಬ ಸಂಕಟ ಮುಖದಲ್ಲಿ ಕಾಣುತ್ತದೆ. ಆಮೇಲೆ ಮತ್ತೆ ಸಲಿಕೆ ಎತ್ತುತ್ತಾರೆ.

"ನಾಳೆ ತುಂಗಾನ್ನ ಇಲ್ಲಿಗೆ ಕರಕೊಂಡು ಬರ್ತೀನಿ," ಎನ್ನುತ್ತಾರೆ ಕಡೆಗೆ. "ದೂರ ನಿಂತು ಆ ಹಕ್ಕಿ ತೋರಸ್ತೀನಿ. ನೋಡು, ನಾ ಮಾಡಿದ್ದು ಇಷ್ಟೇ, ಆಕಿ ಇನ್ನೂ ಕೂತಾಳ ಅಂತೀನಿ."