ಹಗುರ ಡಬ್ಬಿ

ಬೀಗರ ಅಂಗಡ್ಯಾಗ ಸಾಮಾನ ತಗೋಬಾರದು. ಕೊಟ್ಟಿದ್ದು ತಗೋಬೇಕು, ಹೇಳಿದ್ದು ಕೊಡಬೇಕು, ಕೆಟ್ಟರ ಬಾಯಿ ಮುಚಗೊಂಡು ಕೂಡಬೇಕು. ಹಂಗಂತ ಬ್ಯಾರೆ ಕಡೆ ತಗೊಂಡ್ರೂ ತಪ್ಪು. "ನಮ್ಮ ಅಂಗಡಿ ಕಣ್ಣಿಗೆ ಕಾಣಲಿಲ್ಲೇನು?" ಅಂತ ಕೇಳ್ತಾರ. ನಮ್ಮನ್ನಲ್ಲ, ಅವರ ಮನ್ಯಾಗಿರೋ ನಮ್ಮ ಮಗಳನ್ನ.

ಮಗಳನ್ನ ಬಾಗಲಕೋಟಿಗೆ ಕೊಟ್ಟೇವಿ. ಆಕಿ ಮಾವಂದು ಕಂಪ್ಯೂಟರ್ ಅಂಗಡಿ. ಕಂಪ್ಯೂಟರ್ ಬೇಕಾಗಿದ್ದು ಇಳಕಲ್ಲಾಗಿರೋ ನನ್ನ ಸೊಸಿಗೆ. ನಮ್ಮ ಮಗ್ಗದ ಕುಣಿ ಮುಚ್ಚಿ ಫರಸಿ ಹಾಕಿದ ಜಾಗಾದಾಗ ಮೇಜು ಇಟಗೊಂಡು, ಮಗ್ಗದ ಮಾಲಕರಿಗೆ ಸೀರಿ ದಡಿ, ಸೆರಗಿನ ಚಿತ್ರ ಚೌಕ ಚೌಕ ತುಂಬಿ ತಗದು ಕೊಡ್ತಾಳ. ಹಳೇ ಮಷಿನ್ ಕೆಟ್ಟಿತ್ತು. ಮಗಗ ಬಸ್ಸಿನ ಡ್ಯೂಟಿ ಇತ್ತು. ನಾನು, ನಮ್ಮ ಮನಿಯವರು, ಸೊಸಿ ಮೂವರೂ ಹೋದ್ವಿ.

ಬೀಗರು ಎಲ್ಲಾ ಜೋಡಿಸಿ, ಕಡೀಕ ಎರಡು ತಗಡಿನ ಡಬ್ಬಿ ಮುಂದಿಟ್ರು. ಗ್ವಾಡಿಯಿಂದ ಬಂದ ಕರೆಂಟು ಮೊದಲು ಈ ಡಬ್ಬಿಗೆ ಬಂದು, ಇಲ್ಲಿಂದ ಒಳಗಿನ ಎಲ್ಲಾದಕ್ಕೂ ಹಂಚಿ ಹೋಗ್ತೈತಂತ. ಎರಡರ ಅಳತಿ ಒಂದ, ಮ್ಯಾಲೆ ಬರದ ನಂಬರ್ ಒಂದ, ಪಂಖಾನೂ ಒಂದ. ರೇಟ್ ಮಾತ್ರ ಒಂದಕ್ಕ ಎರಡಷ್ಟು.

"ಎರಡೂ ಅವಳಿ ಜವಳಿ ಇದ್ದಂಗ ಅದಾವಲ್ರಿ," ಅಂದೆ.

"ಒಳಗ ಫರಕ್ ಇರ್ತೈತಿ ಬೀಗತಿ," ಅಂದ್ರು. ಏನು ಫರಕ್ ಅಂತ ಹೇಳಲಿಲ್ಲ.

ನಮ್ಮ ಮನಿಯವರು ಒಂದೊಂದನ್ನ ಅಂಗೈ ಮ್ಯಾಲೆ ಇಟಗೊಂಡು ತೂಗಿದ್ರು. ಅವರು ಜೀವಮಾನ ಸೀರಿ ನೇಯ್ದು ಮಾರಿದವರು. ಸೀರಿ ಭಾರ ಬಂದ್ರ ಗಂಜಿ ಕುಡದೈತಿ ಅಂತ ತಿಳಕೋಬೇಕು, ಒಂದು ನೀರು ಬಿದ್ರ ಸೊರಗಿ ಒರಸೋ ಅರಿವಿ ಆಗ್ತೈತಿ. ಅಪ್ಪಟ ರೇಷ್ಮಿ ಕೈಗೆ ಹಗುರ. ನಮ್ಮೂರಾಗ ಕೂಸಿಗೂ ಗೊತ್ತಿರೋ ಮಾತು.

"ಇದ ಇರಲಿ," ಅಂತ ಹಗುರಾದ್ದು, ಕಮ್ಮಿ ರೇಟಿಂದು, ಮುಂದ ಸರಿಸಿದ್ರು. "ಅದು ಬರೇ ಗಂಜಿ."

ಸೊಸಿ ನನ್ನ ಸೆರಗು ಜಗ್ಗಿದ್ಲು. "ಅತ್ತಿ, ಇದು ಉಲ್ಟಾ ರಿ. ಒಳಗ ತಾಮ್ರ, ಅಲ್ಯುಮಿನಿಯಂ ಜಾಸ್ತಿ ಇದ್ರ ಭಾರ ಬರ್ತೈತಿ. ಹಗುರ ಅಂದ್ರ ಖಾಲಿ."

"ಹೇಳು ಮತ್ತ."

"ಬೀಗರ ಮುಂದ ಮಾವಾರ ಮಾತು ನಾ ಹೆಂಗ ತಗದಹಾಕ್ಲಿ?"

ನಾ ಹೇಳಾಕ ಬಾಯಿ ತಗದೆ. ಅಷ್ಟರಾಗ ಬೀಗರು ನಕ್ಕು, "ಬೀಗರ ಕೈ ಅಂದ್ರ ತಕ್ಕಡಿ. ತಕ್ಕಡಿಗೆ ನಾ ಎದುರಾಡ್ಲಿ?" ಅಂತ ಡಬ್ಬಿ ಕೂಡಿಸಿ ಸ್ಕ್ರೂ ತಿರುವಿಬಿಟ್ರು. ಅವರಿಗೆ ಖರೆ ಗೊತ್ತಿತ್ತು. ಒಳಗಿಂದ ನನ್ನ ಮಗಳು ಚಾ ತಂದು ನಿಂತ್ಲು. ಆಕಿ ಮುಖ ನೋಡಿ, ತಗದ ಬಾಯಿ ಚಾಕ್ಕ ಹಚ್ಚಿದೆ.

ಬಾಜೂಕ ಪವರ್‌ಲೂಮ್ ಶುರು ಆದ್ರ ನಮ್ಮ ಮನಿ ದೀಪ ಸಣ್ಣ ಆಗ್ತಾವ. ದೀಪ ಸಣ್ಣ ಆದ್ರ ಸಾಕು, ಕಂಪ್ಯೂಟರ್ ಕಣ್ಣು ಮುಚ್ಚತಿತ್ತು. ಒಂದು ಇಡೀ ಸೆರಗಿನ ಚೌಕ ಹಾಳಾದ್ವು. ಸೊಸಿ ಮತ್ತ ಮೊದಲಿಂದ ತುಂಬಿದ್ಲು, ಮತ್ತ ಹೋದ್ವು. "ಇನ್ನೊಮ್ಮೆ ತಡಾ ಮಾಡಿದ್ರ ಕೆಲಸ ಬ್ಯಾರೇದವರಿಗೆ ಕೊಡ್ತೇನಿ," ಅಂತ ಮಾಲಕ ಹೇಳಿ ಕಳಿಸಿದ.

"ಬೀಗರಿಗೆ ಫೋನ್ ಹಚ್ಚರಿ," ಅಂದೆ ನಮ್ಮ ಮನಿಯವರಿಗೆ.

"ಆರಿಸಿದಾಂವ ನಾ. ಯಾವ ಮಾರಿಲೆ ಕೇಳ್ಲಿ?"

"ಹಂಗಾರ ಒಗದು ಒಣಹಾಕ್ರಿ. ಗಂಜಿ ಇಲ್ಲದ ಮಾಲು."

ಅವರು ಎದ್ದು ಹೊರಗ ಹೋಗಿ ಕಟ್ಟಿ ಮ್ಯಾಲೆ ಕೂತ್ರು.

ಕಡೀಕ ಸೊಸಿ ಹುನಗುಂದಕ್ಕ ಹೋಗಿ ಭಾರಾದ್ದೊಂದು ತಂದ್ಲು, ಕೈಚೀಲದಾಗ ಬದನಿಕಾಯಿ ಕೆಳಗ ಮುಚ್ಚಿ. ಓಣ್ಯಾಗ ಯಾರರೆ ನೋಡಿದ್ರ ಬಾಗಲಕೋಟಿಗೆ ಸುದ್ದಿ ಮುಟ್ಟಾಕ ಹೊತ್ತು ಬೇಕಾಗಿಲ್ಲ. ಅದನ್ನ ಕೂಡಿಸಿದ ಮ್ಯಾಲೆ ದೀಪ ಎಷ್ಟ ಸಣ್ಣ ಆಗಲಿ, ಕಂಪ್ಯೂಟರ್ ಅಲುಗಲಿಲ್ಲ. ಹಗುರಾದ್ದು ಜ್ವಾಳದ ಚೀಲದ ಹಿಂದ ಹೋತು. ಬೀಗರು ಬಂದ್ರ ಕಂಪ್ಯೂಟರ್ ಮ್ಯಾಲೆ ಅರಿವಿ ಹೊಚ್ಚಬೇಕು ಅಂತ ಮಾತಾಡಿಕೊಂಡ್ವಿ. ನಮ್ಮ ಮನ್ಯಾಗ ನಾವ ಕಳ್ಳರಾದ್ವಿ.

ಬೀಗರು ಬರಲಿಲ್ಲ. ಫೋನ್ ಮಾಡಿದ್ರು, ನಾ ಸ್ಪೀಕರ್ ಹಾಕಿದೆ.

"ಬೀಗತಿ, ನಿಮಗ ಕೊಟ್ಟ ಹಗುರ ಡಬ್ಬಿ ಹೆಂಗ ನಡದೈತಿ, ಸ್ವಲ್ಪ ಹೇಳ್ರಿ. ಚೊಳಚಗುಡ್ಡದಿಂದ ಒಬ್ಬ ಅಕ್ಕಾರು ಬಂದಾರ, ನಂಬವಲ್ರು."

ಹಿಂದ ಒಂದು ಹೆಣಮಗಳ ದನಿ ಬಂತು. "ಹೇಳ್ರಿ ಯವ್ವಾ. ಮಗಳ ಸಲುವಾಗಿ ತಗೋಳಾಕ ಬಂದೇನಿ. ಎರಡರಾಗ ಯಾವುದು ಛಲೋ?"

ಸೊಸಿ ಕೈ ಮೌಸಿನ ಮ್ಯಾಲೆ ನಿಂತಿತು. ನಮ್ಮ ಮನಿಯವರು ಬಾಗಲದಾಗ ನಿಂತು ಬ್ಯಾಡ ಅಂತ ಗೋಣು ಅಲ್ಲಾಡಿಸಿದ್ರು. "ಛಲೋ ನಡದೈತಿ" ಅಂದ್ರ ಮುಗೀತಿತ್ತು. ಆದ್ರ ಆ ಹೆಣಮಗಳು ಊರಿಗೆ ಹೋಗಿ ಅದ ಡಬ್ಬಿ ಮುಂದ ಕೂತು ತಲಿ ಚಚ್ಚಿಕೋತಿದ್ಲು. ಆಕಿ ಮಗಳ ಸಲುವಾಗಿ ಅಂದ್ಲು. ಇಷ್ಟು ದಿನ ನಾ ಬಾಯಿ ಮುಚ್ಚಿದ್ದೂ ಮಗಳ ಸಲುವಾಗೇ.

"ಭಾರಾದ್ದು ತಗೋ ತಂಗಿ," ಅಂದೆ. "ಹಗುರಾದ್ದು ನಮ್ಮಲ್ಲಿ ಜ್ವಾಳದ ಚೀಲದ ಹಿಂದ ಬಿದ್ದೈತಿ."

ಫೋನ್ ಕಟ್ ಆತು.

ದಿನಾ ದೀಪ ಹಚ್ಚೋ ಹೊತ್ತಿಗೆ ಮಗಳ ಫೋನ್ ಬರ್ತಿತ್ತು. ಅವತ್ತು ಬರಲಿಲ್ಲ, ಮರುದಿನಾನೂ ಬರಲಿಲ್ಲ. ನಾ ಮಾಡಲಿಲ್ಲ. ಆಕಿ ಮಗ್ಗಲಿಗೆ ಯಾರು ಕೂತಿರ್ತಾರೋ. ನಮ್ಮ ಮನಿಯವರು ನನ್ನ ಕೂಡ ಮಾತು ಬಿಟ್ರು. ಸೊಸಿ ಕೆಲಸ ಮಾತ್ರ ನಡದಿತ್ತು, ಹೊಸ ಡಬ್ಬಿ ಗುಂಯ್ ಅಂತಿತ್ತು, ನಾ ಫೋನ್ ಉಡ್ಯಾಗ ಇಟಗೊಂಡು ಕೂತಿದ್ದೆ.

ಕಡೀಕ ಬಂತು.

"ಅವ್ವಾ, ಇಲ್ಲಿ ಎಲ್ಲಾರೂ ಅರಾಮ ಅದೇವಿ."

ನಾ ಇನ್ನೂ ಕೇಳೇ ಇರಲಿಲ್ಲ.

"ಮಾವ ಏನರೆ ಅಂದ್ರೇನು?"

"ಏನಿಲ್ಲ."

ಹಿಂದ ಯಾರೋ ಕೆಮ್ಮಿದ್ರು.

"ಸ್ಪೀಕರ್ ಹಾಕೀಯೇನು?" ಅಂದೆ.

"ಹೂಂ," ಅಂದ್ಲು.

ಅಡಗಿ ಏನು ಮಾಡೀದಿ ಅಂತ ಕೇಳಿದೆ.