ಸೀಳಿನ ಕೆಳಗೆ ಅಂಗೈ

ಟೋರ್ಸ್‌ಲಾಂಡ ಎಂಬ ಈ ಪರದೇಶದ ಊರಲ್ಲಿ, ಮಗಳ ಮನೆಗೆ ಬರುವ ಅಂಚೆಯವನು ಬಾಗಿಲು ತಟ್ಟುವುದಿಲ್ಲ. ಬಾಗಿಲಿನಲ್ಲೇ ಒಂದು ಸೀಳು, ಅದಕ್ಕೊಂದು ತಗಡಿನ ಮುಚ್ಚಳ. ಅದು ಕಿರ್ ಎಂದರೆ ಕಾಗದ ಬಂತೆಂದು ಅರ್ಥ. ಇವತ್ತು ಅದು ಕಿರ್ ಎನ್ನುವ ಮೊದಲೇ ನಾನು ಸೀಳಿನ ಕೆಳಗೆ ಅಂಗೈ ಒಡ್ಡಿಕೊಂಡು ಕೂತಿದ್ದೆ. ನಗಬೇಡಿ, ಯಾಕೆಂದು ಹೇಳುತ್ತೇನೆ.

ಆರು ವರ್ಷದ ಹಿಂದೆ ಮಗಳ ಎರಡನೇ ಬಾಣಂತನಕ್ಕೆಂದು ತಿಪಟೂರಿನಿಂದ ಇಲ್ಲಿಗೆ ಬಂದಿದ್ದೆ. ಹಿರಿಯ ಮೊಮ್ಮಗಳು ಸಿಂಚುಗೆ ಆಗ ಎಂಟು ವರ್ಷ. ಆ ಪುಟ್ಟ ಹುಡುಗಿ ಐಸ್ ಹಾಕಿಯಲ್ಲಿ ಗೋಲು ಕಾಯುತ್ತಿದ್ದಳು. ಕಾಲಿಗೆ ಹಾಸಿಗೆಯಷ್ಟು ದಪ್ಪದ ಪ್ಯಾಡು ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ನಿಂತಳೆಂದರೆ, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಈ ಅಜ್ಜಿಗೆ ಎದೆ ತುಂಬಿ ಬರುತ್ತಿತ್ತು. ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ಕೂಗುತ್ತಿದ್ದೆ. ಇಲ್ಲಿಯ ಜನ ಅಷ್ಟು ಕೂಗುವುದಿಲ್ಲ.

ಸಿಂಚು ಮತ್ತು ಅವಳ ಗೆಳತಿ ಲೀನಾ ಒಂದೇ ದಿನ ಒಬ್ಬ ದೊಡ್ಡ ಗೋಲ್‌ಕೀಪರನಿಗೆ ಸಹಿ ಬೇಡಿ ಕಾಗದ ಬರೆದರು. ಉತ್ತರ ಬರಲೆಂದು ಜೊತೆಗೆ ತಮ್ಮ ವಿಳಾಸ ಬರೆದ, ಸ್ಟ್ಯಾಂಪು ಹಚ್ಚಿದ ಇನ್ನೊಂದು ಲಕೋಟೆಯನ್ನು ಮಡಚಿ ಒಳಗಿಡಬೇಕಂತೆ. ಸಿಂಚುವಿನ ಕಾಗದದ ನಾಲ್ಕು ಮೂಲೆಗೂ ನಾನು ಅರಿಸಿನ ಹಚ್ಚಿದೆ.

"ಅಜ್ಜಿ, ಗಲೀಜು ಅಂದ್ಕೋತಾನೆ ಅವ್ನು."

"ಶುಭದ ಕಾಗದ ಕಣೆ. ಹಂಗೇ ಕಳಿಸಬಾರದು."

ನವೆಂಬರಿನ ಒಂದು ಬೆಳಗ್ಗೆ, ಮನೆಯಲ್ಲಿ ನಾನು ಮತ್ತು ಮಲಗಿದ್ದ ಮಗಳು ಮಾತ್ರ ಇದ್ದಾಗ, ಆ ಸೀಳಿನಿಂದ ಒಂದು ಲಕೋಟೆ ಬಿತ್ತು. ಮೇಲಿನ ಮೂಲೆ ಹರಿದುಹೋಗಿತ್ತು. ನಮ್ಮಲ್ಲಿ ಮೂಲೆ ಹರಿದ ಕಾಗದ ಬಂದರೆ ಸಾವಿನ ಸುದ್ದಿ, ನಿಮಗೆ ಗೊತ್ತಲ್ಲ. ವಿಳಾಸ ಇಂಗ್ಲಿಷಿನಲ್ಲಿತ್ತು, ನನಗೆ ಆ ಅಕ್ಷರಗಳೆಲ್ಲ ಒಂದೇ. ಮುಟ್ಟಿ ನೋಡಿದರೆ ಒಳಗೆ ಗಟ್ಟಿಯಾದ ಕಾರ್ಡು. ತಿಥಿಯ ಕಾರ್ಡೇ ಇರಬೇಕು. ನಾನು ಹೊರಡುವಾಗ ಹೊಸದುರ್ಗದಲ್ಲಿ ನಮ್ಮಕ್ಕ ಹಾಸಿಗೆ ಹಿಡಿದಿದ್ದಳು. ಫೋನಿನಲ್ಲಿ ಹೇಳಿದರೆ ಬಸುರಿಗೆ ಗೊತ್ತಾಗುತ್ತದೆಂದು ಕಾಗದ ಹಾಕಿರಬೇಕು ಎಂದುಕೊಂಡೆ.

ತುಂಬಿದ ಬಸುರಿಗೆ ಅದನ್ನು ತೋರಿಸುವುದು ಹೇಗೆ? ಅಳಿಯನಿಗೆ ಹೇಳಿದರೆ ಅವನ ಮುಖ ನೋಡಿಯೇ ಮಗಳು ಕಂಡುಹಿಡಿಯುತ್ತಾಳೆ. ನನಗೂ ಒಡೆಯುವ ಧೈರ್ಯ ಬರಲಿಲ್ಲ. ಒಡೆಯದೆ ಇಟ್ಟರೆ ಅಕ್ಕ ಅಷ್ಟು ದಿನ ಇದ್ದ ಹಾಗೆ ಎಂದು ಏನೋ ಒಂದು ಭ್ರಮೆ. ಸೂಟ್‌ಕೇಸಿನಲ್ಲಿ ಸೀರೆಗಳ ಕೆಳಗೆ ತುರುಕಿ, ತಲೆಗೆ ನೀರು ಹಾಕಿಕೊಂಡೆ.

"ಏನಮ್ಮಾ, ಈ ಚಳೀಲಿ ಎರಡೆರಡು ಸಲ ಸ್ನಾನ?" ಎಂದಳು ಮಗಳು.

"ಮೈ ಕೈ ನೋವು ಕಣೇ."

ಮಧ್ಯಾಹ್ನ ಮೂರೂವರೆಗೇ ಕತ್ತಲಾಗುವ ಆ ದಿನಗಳಲ್ಲಿ ಅಕ್ಕನಿಗಾಗಿ ಒಬ್ಬಳೇ ಅತ್ತೆ. ಈರುಳ್ಳಿ ಹೆಚ್ಚುವ ಕೆಲಸ ಬಂದಾಗ ಬಿಡುತ್ತಿರಲಿಲ್ಲ.

ಸಿಂಚು ಮಾತ್ರ ಶಾಲೆಯಿಂದ ಬಂದು ದಿನವೂ ಕೇಳುತ್ತಿದ್ದಳು. "ಅಜ್ಜಿ, ಪೋಸ್ಟ್ ಬಂತಾ?"

"ಬರೀ ಅಂಗಡಿಯವರ ಪೇಪರ್ರು ಕಣಮ್ಮ."

ಒಂದು ದಿನ ಕೇಳುವುದನ್ನು ಬಿಟ್ಟಳು. "ಲೀನಾಗೆ ಬಂತು. ಅವಳ ಹೆಸರು ಓದಕ್ಕೆ ಬರತ್ತೆ ಅವ್ನಿಗೆ. ನಂದು ಬರಲ್ಲ. ಅದಕ್ಕೇ ಎಸ್ದಿದಾನೆ." ಅಳಲಿಲ್ಲ. ಆ ವಾರ ಪ್ರ್ಯಾಕ್ಟೀಸಿಗೆ ಹೋಗಲಿಲ್ಲ, ಮುಂದಿನ ವಾರವೂ ಇಲ್ಲ. ಕೊನೆಗೆ ಅಳಿಯ ಪ್ಯಾಡುಗಳನ್ನು ನೆಲಮಾಳಿಗೆಗೆ ಹೊತ್ತುಕೊಂಡು ಹೋದ.

ಏಳು ವಾರ ಕಳೆದು, ಮಗು ಹುಟ್ಟಿ, ನಿಧಿ ಎಂದು ಹೆಸರಿಟ್ಟ ಮೇಲೆ ಅಳಿಯನ ಕೈಗೆ ಲಕೋಟೆ ಕೊಟ್ಟು, "ಅಕ್ಕನ ಸುದ್ದಿ, ಓದಪ್ಪ" ಎಂದೆ. ಒಳಗಿದ್ದದ್ದು ಗೋಲ್‌ಕೀಪರನ ಫೋಟೋ, ಅದರ ಮೇಲೆ ಸಿಂಚುವಿನ ಪೂರ್ತಿ ಹೆಸರು, ಒಂದಕ್ಷರವೂ ತಪ್ಪದೆ, ಕೆಳಗೆ ಸಹಿ. ಆಮೇಲೆ ಹುಡುಕಿದರೆ ಹರಿದ ಮೂಲೆ, ಸ್ಟ್ಯಾಂಪಿನ ಸಮೇತ, ಬಾಗಿಲಿನ ತಗಡಿನಲ್ಲೇ ಸಿಕ್ಕಿಕೊಂಡಿತ್ತು. ಆ ಸ್ಟ್ಯಾಂಪು ಹಚ್ಚಿದವಳು ನಾನೇ.

ಸಿಂಚು ಫೋಟೋವನ್ನು ತುಂಬಾ ಹೊತ್ತು ನೋಡಿದಳು. "ಎಲ್ಲಿತ್ತು?" ಎಂದಳು. "ನನ್ನ ಸೂಟ್‌ಕೇಸಲ್ಲಿ" ಎಂದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಫೋಟೋವನ್ನು ಡ್ರಾಯರಿಗೆ ಹಾಕಿದಳು. ಮತ್ತೆ ಮಂಜಿನ ಮೇಲೆ ಕಾಲಿಡಲಿಲ್ಲ.

ಅಕ್ಕ ಆಮೇಲೂ ನಾಲ್ಕು ವರ್ಷ ಬದುಕಿದ್ದಳು. ನಿಜವಾಗಿ ಹೋದಾಗ ಕಾಗದ ಬರಲಿಲ್ಲ, ಫೋನು ಬಂತು. ಅಳು ಅಷ್ಟಾಗಿ ಬರಲಿಲ್ಲ. ಮೊದಲೇ ಅತ್ತು ಮುಗಿಸಿದ್ದೆನೋ ಏನೋ.

ಈಗ ಎರಡನೇ ಸಲ ಬಂದಿದ್ದೇನೆ. ಹೋದ ತಿಂಗಳು ನಿಧಿ ಒಬ್ಬ ಈಜುಗಾರ್ತಿಗೆ ಕಾಗದ ಬರೆದಳು. ಪಕ್ಕದಲ್ಲಿ ಕೂತು ಲಕೋಟೆ ಮಡಚುವುದನ್ನು ಹೇಳಿಕೊಟ್ಟವಳು ಸಿಂಚು.

"ಅಕ್ಕಾ, ಉತ್ತರ ಬರ್ದೇ ಇದ್ರೆ?"

"ಬರತ್ತೆ. ಬರ್ಲಿಲ್ಲ ಅಂದ್ರೆ ಮೊದ್ಲು ಅಜ್ಜಿ ಸೂಟ್‌ಕೇಸ್ ಚೆಕ್ ಮಾಡು."

ಆರು ವರ್ಷದಲ್ಲಿ ಅವಳು ಆ ಮಾತೆತ್ತಿದ್ದು ಅದೇ ಮೊದಲು. ನನ್ನ ಕಡೆ ನೋಡಿ ನಕ್ಕಳು. ನಾನು ಚಪಾತಿ ಹಿಟ್ಟು ನಾದುತ್ತಿದ್ದವಳು ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಅವತ್ತು ಎಷ್ಟು ಚಪಾತಿ ಮಾಡಿದೆನೆಂದರೆ ಪಕ್ಕದ ಮನೆಗೂ ಕೊಟ್ಟುಬಂದೆ.

ಅಂದಿನಿಂದ ಬೆಳಗ್ಗೆ ಇಲ್ಲೇ ನನ್ನ ಕಾವಲು. ಇವತ್ತು ಒಂದು ಕೈಯಲ್ಲಿ ತಗಡು ಎತ್ತಿ ಹಿಡಿದು, ಇನ್ನೊಂದರಲ್ಲಿ ನಡುವೆ ಮಡಚಿದ ಗುರುತಿರುವ ಲಕೋಟೆ ಹಿಡಿದುಕೊಂಡೆ. ಒಳಗೆ ಗಟ್ಟಿಯಾದದ್ದೇನೋ ಇದೆ. ನಾಲ್ಕು ಮೂಲೆಯೂ ನೆಟ್ಟಗಿವೆ, ಎರಡು ಸಲ ಎಣಿಸಿದೆ. ಇದನ್ನು ನಿಧಿಗೆ ಕೊಡುವುದಿಲ್ಲ. ಸಿಂಚು ಬರಲಿ, ಅವಳ ಕೈಗೆ ಕೊಡುತ್ತೇನೆ. ತಂಗಿಗೆ ಅವಳೇ ಕೊಡಲಿ.